ಅಯ್ಯನವರು ಹೇಳಿದ್ದು, ನಾನು ಬರೆದುಕೊಂಡಿದ್ದು

ಎಲ್ಲಿ ನಗಬಾರದೋ ಅಲ್ಲೇ ನಗು ಬರುವಂಥದ್ದು ನಡೆಯುತ್ತೆ. ದೇವರ ವಿಷಯವನ್ನೂ ರಾಜಕೀಯವನ್ನೂ ಒಟ್ಟಿಗೆ ಬರೆಯುವ ಪತ್ರಿಕೆಯಲ್ಲಂತೂ ತಿಂಗಳಿಗೊಂದು ಗ್ಯಾರಂಟಿ. ನಾನು ಕೋಲಾರದಲ್ಲಿ ಹೆಣ್ಣುಮಕ್ಕಳ ಶಾಲೆಯೊಂದರ ಟೀಚರಾಗಿದ್ದೆ. ನಮ್ಮ ಸಭೆಯ ಪಾದ್ರಿಗಳು, ಅಂದರೆ ಎಲ್ಲರ ಬಾಯಲ್ಲೂ ಅಯ್ಯನವರು, ಒಂದು ಕ್ರೈಸ್ತ ಮಾಸಪತ್ರಿಕೆ ನಡೆಸುತ್ತಿದ್ದರು. ಎಂಟು ಪುಟ. ಅದರಲ್ಲಿ ಎರಡು ಪುಟ ಅವರ ಸಂಪಾದಕೀಯ. ರಾಜಭಕ್ತಿ ಇರಬೇಕು, ಚಳವಳಿ ಬೇಡ, ಹೊಸ ಫ್ಯಾಷನ್ ಬೇಡ, ಸಿನಿಮಾ ಬೇಡ. ಬೇಡ ಅನ್ನುವುದಕ್ಕೆ ಎರಡು ಪುಟ ಅವರಿಗೆ ಸಾಲುತ್ತಲೇ ಇರಲಿಲ್ಲ. ಮನುಷ್ಯ ಮಾತ್ರ ಅಪ್ಪಟ ಚಿನ್ನ.

ಒಂದು ದೀರ್ಘ

ನಾನು ಆ ಪತ್ರಿಕೆಗೆ ಹೇಗೆ ಗಂಟುಬಿದ್ದೆ ಅಂದರೆ, ಒಂದು ದೀರ್ಘದಿಂದ.

ಹೊಸ ಚಕ್ರವರ್ತಿಗಳ ಪಟ್ಟಾಭಿಷೇಕದ ತಿಂಗಳು ಅಯ್ಯನವರು ಉಕ್ಕಿ ಉಕ್ಕಿ ಬರೆದರು. ಅಚ್ಚು ಹಾಕುತ್ತಿದ್ದವರು ಬಜಾರಿನ ಒಬ್ಬ ಸಾಹೇಬರು. ಮನೆಯಲ್ಲಿ ದಖ್ಖನಿ ಮಾತಾಡಿದರೂ ಕನ್ನಡದ ಅಚ್ಚುಮೊಳೆ ಜೋಡಿಸುವುದರಲ್ಲಿ ಪಳಗಿದ ಕೈ. ಅಯ್ಯನವರ ಕೈಬರಹ ಎದುರಿಗೆ ಬಂದಾಗ ಮಾತ್ರ ಆ ಕೈ ದಾರಿ ತಪ್ಪುತ್ತಿತ್ತು. ಪತ್ರಿಕೆ ಹೊರಗೆ ಬಂತು. ಮೊದಲನೇ ಪುಟದಲ್ಲಿ, ದಪ್ಪ ಅಕ್ಷರದಲ್ಲಿ, "ನಮ್ಮ ಚಕ್ರವರ್ತಿಗಳು ಬಹುಕಾಲ ಆಳಲಿ" ಎಂದಿರಬೇಕಾದ ಕಡೆ, "ಬಹುಕಾಲ ಅಳಲಿ" ಎಂದಿತ್ತು.

ಅಯ್ಯನವರು ಪತ್ರಿಕೆ ಹಿಡಿದುಕೊಂಡು ಅಚ್ಚುಕೂಟಕ್ಕೆ ಓಡಿದರು.

"ಸಾಹೇಬರೇ, ಏನ್ರೀ ಮಾಡಿದ್ರಿ?"

ಸಾಹೇಬರು ಕನ್ನಡಕ ಹಣೆಗೇರಿಸಿ, ಹಸ್ತಪ್ರತಿ ತೆಗೆದು ತೋರಿಸಿದರು. "ಅಯ್ನೋರೇ, ನೀವೇ ನೋಡಿ. ನಿಮ್ ಬರಹದಲ್ಲಿ ಅ ಯಾವ್ದು, ಆ ಯಾವ್ದು? ಕೋಳಿ ಕೆದರಿದಂಗೈತೆ. ಎರಡ್ರಲ್ಲಿ ಒಂದು ಹಾಕ್ದೆ."

ನಾಲ್ಕು ದಿನ ಅಯ್ಯನವರಿಗೆ ಊಟ ರುಚಿಸಲಿಲ್ಲ. ಐದನೇ ದಿನ ಊರಿನಲ್ಲಿ ಖಾದಿ ತೊಟ್ಟು ಚಳವಳಿ ಮಾಡುವ ವಕೀಲರೊಬ್ಬರಿಂದ ಕಾಗದ ಬಂತು. ಅಯ್ಯನವರು ತಿಂಗಳು ತಪ್ಪದೆ ಬೈಯುತ್ತಿದ್ದ ವಕೀಲರು ಅವರು. ಕಾಗದದಲ್ಲಿ ಇದ್ದದ್ದು ಒಂದೇ ಸಾಲು: "ಮಾನ್ಯರೇ, ನಿಮ್ಮ ಸಂಪಾದಕೀಯವನ್ನು ಇದೇ ಮೊದಲ ಸಲ ಪೂರ್ಣವಾಗಿ ಒಪ್ಪಿದ್ದೇನೆ."

ಮಾರನೆಯ ತಿಂಗಳಿಂದ ಅಯ್ಯನವರು ಬಾಯಲ್ಲಿ ಹೇಳುವುದು, ನಾನು ಗುಂಡಗೆ ಬರೆದುಕೊಳ್ಳುವುದು ಎಂದು ತೀರ್ಮಾನವಾಯಿತು.

ಯಾವ ಕೈಸರ?

ರಜೆಯಲ್ಲಿ ಅಯ್ಯನವರು ಹಳ್ಳಿಗಳಿಗೆ ಹೋಗಿ ಸಂಪಾದಕೀಯವನ್ನು ಓದಿ ಹೇಳಿಸುತ್ತಿದ್ದರು. ಓದುವವಳು ನಾನು. ಶ್ರೀನಿವಾಸಪುರದ ಆಚೆ ರಾಯಲ್ಪಾಡಿನ ಕಡೆ ಹೋದರೆ ಕನ್ನಡದಲ್ಲಿ ಓದಿ ತೆಲುಗಿನಲ್ಲಿ ಬಿಡಿಸಿ ಹೇಳಬೇಕಿತ್ತು. ಅಲ್ಲಿ ಒಂದು ಮಾವಿನ ಮರದ ಕೆಳಗೆ ಹತ್ತು ಹದಿನೈದು ಮನೆಯವರು ಕೂಡುತ್ತಿದ್ದರು.

ಆ ಸಲದ ವಿಷಯ, ಸರ್ಕಾರಕ್ಕೆ ವಿಧೇಯರಾಗಿರಬೇಕು ಅನ್ನುವುದು. ಕೈಸರನಿಗೆ ಸಲ್ಲಬೇಕಾದ್ದನ್ನು ಕೈಸರನಿಗೆ ಸಲ್ಲಿಸಬೇಕು ಎಂದು ಯೇಸುಸ್ವಾಮಿಯೇ ಹೇಳಿದ್ದಾರೆ ಅಂತ ನಾನು ತೆಲುಗಿನಲ್ಲಿ ವಿವರಿಸಿದೆ. ಹಿಂದೆ ಕೂತಿದ್ದ ಒಬ್ಬ ಮುದುಕ ದಡಕ್ಕನೆ ಎದ್ದ. ಮೊದಲನೇ ಮಹಾಯುದ್ಧದಲ್ಲಿ ದಂಡಿಗೆ ಹೋಗಿ, ಕಾಲಿಗೆ ಗುಂಡು ತಿಂದು ಬಂದವನು.

"ಆ ಕೈಸರ್ ಮೀದೇ ಗದಮ್ಮಾ ನೇನು ದಂಡುಕಿ ಪೋಯಿಂದಿ? ಇಪ್ಪುಡು ವಾಡಿಕೇ ಇಮ್ಮಂಟಾರಾ?"

ಜರ್ಮನಿಯ ಕೈಸರನ ಮೇಲೆ ತಾನೇ ಯುದ್ಧಕ್ಕೆ ಹೋಗಿದ್ದು, ಈಗ ಅವನಿಗೇ ಕೊಡು ಅಂತೀರಲ್ಲ ಎಂದು ಮುದುಕನ ಸಿಟ್ಟು. ಪಂಚೆ ಎತ್ತಿ ಮೊಣಕಾಲಿನ ಗಾಯವನ್ನೂ ತೋರಿಸಿದ. ಸುತ್ತ ಕೂತವರೆಲ್ಲ ಅಯ್ಯನವರನ್ನು ಶತ್ರುಪಕ್ಷದವರನ್ನು ನೋಡಿದ ಹಾಗೆ ನೋಡತೊಡಗಿದರು. ಇಡೀ ಜಿಲ್ಲೆಯಲ್ಲಿ ಅವರಷ್ಟು ರಾಜಭಕ್ತರು ಇನ್ನೊಬ್ಬರಿರಲಿಲ್ಲ!

ಅಯ್ಯನವರು ಗಾಬರಿಯಿಂದ, "ಅಲ್ಲ ಕಣಪ್ಪಾ, ಅವನು ಬೇರೆ. ಇದು ರೋಮಿನ ಕೈಸರ. ಇವನು ಸತ್ತು ಸಾವಿರಾರು ವರ್ಷ ಆಯ್ತು" ಅಂದರು. ಅದನ್ನೂ ನಾನು ತೆಲುಗಿನಲ್ಲಿ ಹೇಳಿದೆ.

ಮುದುಕ ಸಮಾಧಾನವಾಗಿ ಕೂತುಕೊಂಡ. ಆಮೇಲೆ ನನ್ನ ಕಡೆ ತಿರುಗಿ ತೆಲುಗಿನಲ್ಲೇ ಮೆಲ್ಲಗೆ ಕೇಳಿದ, "ಸತ್ತೋಗಿದ್ರೆ ಈಗ ಯಾರ ಕೈಗೆ ಕೊಡ್ಬೇಕಂತೆ?"

ಮುಳಬಾಗಿಲಿನ ವಿಧೇಯ

ಎರಡನೇ ಮಹಾಯುದ್ಧ ಶುರುವಾದ ಮೇಲೆ ಜನಕ್ಕೆ ಪತ್ರಿಕೆ ಓದುವ ಹುಚ್ಚು ಹತ್ತಿತು. ಅಯ್ಯನವರಿಗೆ ಅದು ಹಿಡಿಸಲಿಲ್ಲ. "ವಿಶ್ವಾಸಿಯಾದವನು ಪತ್ರಿಕೆಗಳಲ್ಲಿ ಮುಳುಗಿ ಮನಸ್ಸು ಕೆಡಿಸಿಕೊಳ್ಳಬಾರದು, ಕೂಡಲೇ ನಿಲ್ಲಿಸಬೇಕು" ಎಂದು ಖಡಾಖಂಡಿತವಾಗಿ ಹೇಳಿದರು. ನಾನು ಬರೆದುಕೊಂಡೆ.

ಮುಳಬಾಗಿಲಿನ ಆಸ್ಪತ್ರೆಯ ಕಾಂಪೌಂಡರೊಬ್ಬರು ನಮ್ಮ ಹಳೇ ಓದುಗರು, ಅಯ್ಯನವರ ಮಾತು ಮೀರದವರು. ವಾರದೊಳಗೆ ಅವರಿಂದ ಕಾರ್ಡು ಬಂತು: "ಪೂಜ್ಯರೇ, ತಮ್ಮ ಲೇಖನ ಓದಿ ಕಣ್ಣು ತೆರೆಯಿತು. ನಮ್ಮ ಮನೆಗೆ ಬರುತ್ತಿದ್ದದ್ದು ತಮ್ಮ ಪತ್ರಿಕೆ ಒಂದೇ. ನಿಲ್ಲಿಸಿದ್ದೇನೆ."

ಕಿವಿಗೆ ಬೀಳುವುದು

ಆಮೇಲೆ ಊರಿನ ಪಾರ್ಕಿನಲ್ಲಿ ರೇಡಿಯೋ ಬಂತು. ಸಂಜೆ ಆದರೆ ಜಾತ್ರೆ ಸೇರಿದ ಹಾಗೆ ಜನ. ಸೈತಾನನ ಸಂಚಾರವೇ ಗಾಳಿಯಲ್ಲಿ, ಈ ಪೆಟ್ಟಿಗೆಯ ಮಾತೂ ಗಾಳಿಯಿಂದಲೇ ಬರುವುದು, ಆದ್ದರಿಂದ ಕ್ರೈಸ್ತರು ಅದರ ಹತ್ತಿರ ಸುಳಿಯಬಾರದು ಎಂದು ಅಯ್ಯನವರು ಬರೆಸಿದರು.

ಒಂದು ಸಂಜೆ ನಾನು ಅಯ್ಯನವರ ಹೆಂಡತಿಯ ಜೊತೆ ಬಜಾರಿನಿಂದ ಬರುತ್ತಿದ್ದೆ. ಅವರನ್ನು ಎಲ್ಲರೂ ಅಮ್ಮನವರು ಅನ್ನುತ್ತಿದ್ದರು. ಕೈಯಲ್ಲಿ ಸೊಪ್ಪಿನ ಚೀಲ ಹಿಡಿದಿದ್ದ ಅಮ್ಮನವರು ಪಾರ್ಕಿನ ಬೇಲಿಯ ಹತ್ತಿರ ಗಕ್ಕನೆ ನಿಂತರು. "ಟೀಚರಮ್ಮ, ಅವರು ನಮ್ಮೋರಲ್ವಾ?"

ಹೌದು, ಅಯ್ಯನವರೇ. ಎಲ್ಲರೂ ರೇಡಿಯೋ ಕಡೆ ಮುಖ ಮಾಡಿ ನಿಂತಿದ್ದರೆ ಇವರೊಬ್ಬರು ಅದಕ್ಕೆ ಬೆನ್ನು ತಿರುಗಿಸಿ, ಕೈ ಕಟ್ಟಿಕೊಂಡು, ಕಣ್ಣು ಮುಚ್ಚಿ ನಿಂತಿದ್ದಾರೆ. ರೇಡಿಯೋದಲ್ಲಿ ಯುದ್ಧದ ಸುದ್ದಿ.

"ಇದೇನು ಇಲ್ಲಿ?" ಅಂತ ಅಮ್ಮನವರು ಕೇಳಿದರು.

"ನಾನೇನು ಕೇಳ್ತಾ ಇಲ್ಲ" ಅಂದರು ಅಯ್ಯನವರು, ಕಣ್ಣು ಬಿಡದೆ. "ಸುಮ್ನೆ ನಿಂತಿದ್ದೀನಿ. ಅದಾಗಿ ಅದೇ ಕಿವಿಗೆ ಬೀಳ್ತಾ ಇದೆ."

ಅಷ್ಟರಲ್ಲಿ ಅಚ್ಚುಕೂಟದ ಸಾಹೇಬರು ಸಂಜೆಯ ನಮಾಜಿಗೆ ಮಸೀದಿ ಕಡೆ ಹೊರಟವರು ಅಲ್ಲಿಗೇ ಬಂದರು. ಪಶ್ಚಿಮಕ್ಕೆ ಮುಖ ಮಾಡಿ ಕೈ ಕಟ್ಟಿ ನಿಂತ ಅಯ್ಯನವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಅರೇ ಅಯ್ನೋರೇ! ದಿಕ್ಕು ಸರಿಯಾಗೈತೆ, ಹೊತ್ತೂ ಸರಿಯಾಗೈತೆ. ಚಾಪೆ ತರಿಸ್ಲಾ?"

ನಿಲುವಂಗಿ

ಯುದ್ಧದ ನಡುವೆ ಬಟ್ಟೆಗೆ ಎಷ್ಟು ಕಷ್ಟವಾಯಿತು ಅಂದರೆ ಮಿಲ್ ಬಟ್ಟೆಯ ಅಂಗಡಿ ಮುಂದೆ ಹೆಂಗಸರು ಬೆಳಗಿನಿಂದ ಸಾಲು ನಿಲ್ಲುತ್ತಿದ್ದರು. ಆ ವರ್ಷ ಮಾಲೂರಿನ ಸಭೆಯವರು ಕೊಯ್ಲಿನ ಹಬ್ಬಕ್ಕೆ ಅಯ್ಯನವರನ್ನು ಪ್ರಸಂಗಕ್ಕೆ, ಅಂದರೆ ಉಪದೇಶ ಮಾಡುವುದಕ್ಕೆ, ಕರೆದರು. ಹಳೇ ನಿಲುವಂಗಿ ಹರಿದಿತ್ತು. ಅಮ್ಮನವರು ಎಲ್ಲಿಂದಲೋ ಬಿಳಿ ಬಟ್ಟೆ ತಂದು ಹೊಸದು ಹೊಲಿದುಕೊಟ್ಟರು.

ಮಾಲೂರಿನ ಹುಡುಗರು ಕೆಲವರು ಖಾದಿ ಹಾಕಿಕೊಂಡು ಆರಾಧನೆಗೆ ಬರುತ್ತಾರೆ ಅನ್ನುವ ದೂರು ಅಯ್ಯನವರ ಕಿವಿಗೆ ಬಿದ್ದಿತ್ತು. ವೇದಿಕೆ ಏರಿ ಮುಕ್ಕಾಲು ಗಂಟೆ ಅದನ್ನೇ ಹಿಡಿದರು. "ರಾಜಕೀಯವನ್ನ ಮೈಗೆ ಸುತ್ತಿಕೊಂಡು ದೇವರ ಮುಂದೆ ಬರಬೇಡಿ! ನನ್ನನ್ನ ನೋಡಿ! ನನ್ನ ಬಟ್ಟೆಯಲ್ಲಿ ಯಾವ ಪಕ್ಷ ಇದೆ?" ಎಂದು ತೋಳು ಅಗಲಿಸಿ ನಿಂತರು. ಖಾದಿ ಹುಡುಗರು ತಲೆ ತಗ್ಗಿಸಿದರು.

ಆರಾಧನೆ ಮುಗಿದು ಎಲ್ಲರೂ ಬಾಗಿಲಲ್ಲಿ ಅಯ್ಯನವರ ಕೈ ಕುಲುಕುತ್ತಿದ್ದಾಗ ಲಕ್ಕೂರಿನ ಒಬ್ಬ ಅಜ್ಜಿ ಬಂದಳು. ಕೈ ಕುಲುಕುವುದು ಬಿಟ್ಟು ತೋಳಿನ ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿದಳು. ಮುಖ ಅರಳಿತು.

"ಅಯ್ಯಾ, ಇದು ನಾನ್ ನೂತ ನೂಲು ಕಣಯ್ಯ! ಇಲ್ನೋಡಿ ಗಂಟು. ನನ್ ರಾಟೆ ಇಂಗೇ ಗಂಟು ಹಾಕೋದು. ನಿಮ್ ಮೈಮೇಲೆ ಎಷ್ಟು ಚಂದಾಗಿ ಕಾಣ್ತದೆ!"

ತಲೆ ತಗ್ಗಿಸಿದ್ದ ಹುಡುಗರು ತಲೆ ಎತ್ತಿದರು. ಅಯ್ಯನವರು ಅಮ್ಮನವರ ಕಡೆ ತಿರುಗಿದರು. ಅಮ್ಮನವರು ಸೀರೆ ಸೆರಗು ಸರಿಮಾಡಿಕೊಂಡು ಹೇಳಿದರು, "ಯುದ್ಧಕ್ಕೆ ಸಹಾಯ ಮಾಡಿ ಅಂತ ನೀವೇ ಬರೆದಿದ್ರಿ. ನಿಮ್ಮ ಪಾಲಿನ ಮಿಲ್ ಬಟ್ಟೇನ ಸಿಪಾಯಿಗಳಿಗೆ ಬಿಟ್ಟೆ."

"ಮೊದಲೇ ಹೇಳೋದಲ್ವೇನೇ?"

"ಹೇಳಿದ್ರೆ ಬರೀ ಮೈಯಲ್ಲಿ ಪ್ರಸಂಗ ಮಾಡ್ತಿದ್ರಾ?"

ಮರಿಯಮ್ಮನ ಕೇಸು

ಇದು ಅದೇ ವರ್ಷದ ಕ್ರಿಸ್ಮಸ್‌ನ ಮಾತು. ಚಳವಳಿ ಜೋರಾಗಿತ್ತು. ಗೋಡೆಗಳ ಮೇಲೆ, ಮರಗಳ ಮೇಲೆ, ಆಳುವವರು ತೊಲಗಲಿ ಅನ್ನುವ ಕರಪತ್ರಗಳು. ಅಂಥ ಹೊತ್ತಿನಲ್ಲಿ ಅಯ್ಯನವರು ರಾಜಕೀಯ ಬಿಟ್ಟು, ಕ್ರಿಸ್ಮಸ್ ಸಂಚಿಕೆಯ ಮೊದಲ ಪುಟಕ್ಕೆ ಯೇಸುವಿನ ತಾಯಿ ಮರಿಯಮ್ಮನ ಹಾಡನ್ನು ತಮ್ಮದೇ ಮಾತಿನಲ್ಲಿ ಪದ್ಯ ಮಾಡಿ ಹಾಕಿದರು. ದೊಡ್ಡವರು ಗದ್ದುಗೆಯಿಂದ ಉರುಳುವುದು, ಹಸಿದವರ ಹೊಟ್ಟೆ ತುಂಬುವುದು, ಹಣವಂತರು ಬರಿಗೈಯಲ್ಲಿ ಹೋಗುವುದು, ಎಲ್ಲಾ ಅದರಲ್ಲಿತ್ತು. ಕೆಳಗೆ "ಮರಿಯಮ್ಮ" ಎಂದು ಹೆಸರು.

ಮೂರನೇ ದಿನ ಪೊಲೀಸಿನವರು ಬಂದು ಅಯ್ಯನವರನ್ನು ಠಾಣೆಗೆ ಕರೆದುಕೊಂಡು ಹೋದರು. ಬರೆದುಕೊಂಡವಳು ಅಂತ ನನ್ನನ್ನೂ ಬರಹೇಳಿದರು. ರಾಜದ್ರೋಹ ಅಂದರೆ ಜೈಲು. ಪತ್ರಿಕೆಯೂ ಹೋಗುತ್ತೆ, ನನ್ನ ಟೀಚರ್ ಕೆಲಸವೂ ಹೋಗುತ್ತೆ. ಇನ್ಸ್‌ಪೆಕ್ಟರು ಎಲ್ಲಿಂದಲೋ ಆಗತಾನೆ ವರ್ಗವಾಗಿ ಬಂದವರು, ಕೆಲಸದಲ್ಲಿ ಬಲು ಚುರುಕು. ಮೇಜಿನ ಮೇಲೆ ನಮ್ಮ ಪತ್ರಿಕೆ, ಪದ್ಯದ ಸುತ್ತ ಕೆಂಪು ಗೆರೆ.

"ಇದನ್ನ ಕಟ್ಟಿದೋರು ಯಾರ್ರೀ?"

"ಮರಿಯಮ್ಮನವರು" ಅಂದರು ಅಯ್ಯನವರು.

ಬರೆದುಕೊಳ್ಳುತ್ತಿದ್ದ ಕಾನ್‌ಸ್ಟೇಬಲ್ ಪೆನ್ಸಿಲು ಕೆಳಗಿಟ್ಟ. "ಸಾರ್, ಮಾರಿಯಮ್ಮನ ಮೇಲೆ ಕೇಸು ಬರೆಯಕ್ಕೆ ನನ್ ಕೈಯಲ್ಲಾಗಲ್ಲ. ಮನೇಲಿ ಸಣ್ಣ ಮಕ್ಕಳಿದ್ದಾವೆ."

"ಆಯಮ್ಮ ಅಲ್ಲಯ್ಯಾ, ಇದು ಯಾರೋ ಹೆಂಗಸು, ಬರ್ಕೋ!" ಎಂದು ಗದರಿ, ಇನ್ಸ್‌ಪೆಕ್ಟರು ಮುಂದುವರಿಸಿದರು. "ಆಕೆಗೆ ಯಾವೂರು?"

"ನಜರೇತು."

"ಗಂಡ ಏನು ಕೆಲಸ?"

"ಬಡಗಿ."

ಅಯ್ಯನವರ ಮುಖ ನೋಡಿದೆ. ಭಯವೇ ಇಲ್ಲ, ಹೊಳೆಯುತ್ತಿದೆ! ಆಗ ನನಗೆ ಅರ್ಥವಾಯಿತು. ಸರ್ಕಾರದ ಅಧಿಕಾರಿಯೊಬ್ಬರು ಇಷ್ಟು ಆಸಕ್ತಿಯಿಂದ ಸ್ವಾಮಿಯ ವಿಷಯ ವಿಚಾರಿಸುತ್ತಿದ್ದಾರೆ ಅಂತ ಅವರು ತಿಳಿದುಕೊಂಡಿದ್ದರು. ನಾನು "ಸಾರ್, ಅದು ಹಾಗಲ್ಲ" ಅಂತ ಬಾಯಿ ಹಾಕಿದೆ.

"ನೀವು ಸುಮ್ನಿರಿ ಅಮ್ಮ, ಅವರು ಎಲ್ಲಾ ಚೆನ್ನಾಗಿ ಒಪ್ಕೋತಾ ಇದ್ದಾರೆ" ಅಂದರು ಇನ್ಸ್‌ಪೆಕ್ಟರು. "ಹೇಳಿ ಅಯ್ನೋರೇ, ಆಕೆಗೆ ಮಕ್ಕಳು?"

"ಮಗ ಇದ್ದರು. ಊರೂರು ತಿರುಗಿ ಬೋಧನೆ ಮಾಡ್ತಿದ್ರು."

"ಬಡಬಗ್ಗರನ್ನ ಸೇರಿಸ್ಕೊಂಡು?"

"ಸಾವಿರಾರು ಜನ! ಬೆಟ್ಟದ ಮೇಲೆಲ್ಲಾ ಸಭೆ ಮಾಡಿದ್ರು."

"ಪರವಾನಗಿ ತಗೊಂಡಿದ್ರಾ?"

ಅಯ್ಯನವರು ಸುಳ್ಳು ಹೇಳುವವರಲ್ಲ. "ಇಲ್ಲ. ತಗೊಂಡಿರಲಿಲ್ಲ."

"ಹೂಂ. ಆಮೇಲೆ?"

"ಸರ್ಕಾರದೋರು ಹಿಡಿದ್ರು. ವಿಚಾರಣೆ ಆಯ್ತು. ಮರಣದಂಡನೆ ಕೊಟ್ರು."

ಇನ್ಸ್‌ಪೆಕ್ಟರು ಮೇಜು ಗುದ್ದಿದರು. "ನೋಡಿದ್ರಾ! ಮನೆತನವೇ ಅಂಥದ್ದು!" ಆಮೇಲೆ ಸ್ವಲ್ಪ ತಣ್ಣಗಾಗಿ, "ಸರಿ, ಮಗನ ವಿಷಯ ಅಲ್ಲಿಗೆ ಮುಗೀತು" ಅಂದರು.

"ಎಲ್ಲಿ ಮುಗೀತು ಸಾರ್!" ಅಯ್ಯನವರು ಕುರ್ಚಿಯಿಂದ ಎದ್ದೇಬಿಟ್ಟರು. "ಮೂರನೇ ದಿನ ಹೊರಗೆ ಬಂದರು! ಕಾವಲು ಇತ್ತು, ಸೀಲು ಹಾಕಿತ್ತು, ಆದ್ರೂ ಬಂದರು!"

ಇನ್ಸ್‌ಪೆಕ್ಟರ ಮುಖ ಬಿಳುಚಿಕೊಂಡಿತು. "ಬರ್ಕೋ, ಬೇಗ ಬರ್ಕೋ. ತಾಯಿ ನಜರೇತು, ಮಗ ತಲೆಮರೆಸಿಕೊಂಡಿದ್ದಾನೆ!"

ಅಷ್ಟರಲ್ಲಿ ತಾಲ್ಲೂಕಿನ ಅಧಿಕಾರಿ ಅಮಲ್ದಾರರು ಬಂದರು. ಅವರು ಕ್ರೈಸ್ತ ಶಾಲೆಯಲ್ಲಿ ಓದಿದವರು. ಕಾನ್‌ಸ್ಟೇಬಲ್ ಬರೆದ ಹಾಳೆಯನ್ನು ಓದುತ್ತಾ ಓದುತ್ತಾ ಕರವಸ್ತ್ರ ತೆಗೆದು ಬಾಯಿಗೆ ಒತ್ತಿಕೊಂಡರು. ಭುಜ ಎರಡೂ ಕುಲುಕುತ್ತಿದ್ದವು. ಕೊನೆಗೆ ಹೇಗೋ ಉಸಿರು ತಂದುಕೊಂಡು, "ಇನ್ಸ್‌ಪೆಕ್ಟರೇ, ಇವರು ಹೇಳ್ತಿರೋದು ಯೇಸುಸ್ವಾಮಿ ವಿಷಯ ಕಣ್ರೀ" ಅಂದರು. ಇನ್ಸ್‌ಪೆಕ್ಟರು ಪಾಪ, ಟೋಪಿ ತೆಗೆದು ಎದ್ದು ನಿಂತು, ಯಾರಿಗೆ ಕೈ ಮುಗಿಯಬೇಕು ಅಂತ ತಿಳಿಯದೆ ಮೂವರಿಗೂ ಮುಗಿದರು.

ಮನೆ ಕಡೆ ಬರುವಾಗ ಅಯ್ಯನವರು ಕೆರೆ ಏರಿಯ ಹತ್ತಿರ ನಿಂತರು.

"ಟೀಚರಮ್ಮ, ಕ್ರೈಸ್ತನಾದವನು ಸರ್ಕಾರದ ಕಣ್ಣಿಗೆ ಬೀಳದ ಹಾಗೆ ಇರಬೇಕು ಅಂತ ಇಷ್ಟು ವರ್ಷ ಬರೆಸಿದೆ. ನಮ್ಮ ಸ್ವಾಮಿಯೇ ಬಿದ್ದಿದ್ರಲ್ಲಮ್ಮ!"

ಅಂದವರೇ ನಗತೊಡಗಿದರು. ನಗು ತಡೆಯಲಾರದೆ ಕಣ್ಣಲ್ಲಿ ನೀರು ಬಂತು, ಮನೆ ಬಾಗಿಲಿಗೆ ಬಂದರೂ ನಿಲ್ಲಲಿಲ್ಲ. ಅಷ್ಟು ಹೊತ್ತೂ ಪ್ರಾರ್ಥನೆ ಮಾಡುತ್ತಾ ಕೂತಿದ್ದ ಅಮ್ಮನವರು ಗಾಬರಿಯಿಂದ ಎದ್ದು ಬಂದರು. ನಾನು ನಡೆದದ್ದೆಲ್ಲ ಹೇಳಿದೆ. ಇನ್ಸ್‌ಪೆಕ್ಟರು "ಮನೆತನವೇ ಅಂಥದ್ದು" ಅಂದದ್ದನ್ನು ಹೇಳುವಾಗ ಅಯ್ಯನವರು, "ಒಂದು ಸಾಲಲ್ಲಿ ಎಲ್ಲಾ ಹೇಳ್ಬಿಟ್ಟ ಕಣೇ, ನನ್ನ ಕೈಲಿ ಎರಡು ಪುಟದಲ್ಲೂ ಆಗಿರಲಿಲ್ಲ" ಅಂದರು.

ಅಮ್ಮನವರು ಗಂಡನ ಮುಖ ನೋಡಿ, ನನ್ನ ಮುಖ ನೋಡಿ, ಕಾಫಿಗೆ ನೀರಿಡಲು ಒಳಗೆ ಹೋಗುತ್ತಾ ಅಂದರು, "ಹಾಗಾದ್ರೆ ಮುಂದಿನ ತಿಂಗಳ ಸಂಪಾದಕೀಯ ಆ ಇನ್ಸ್‌ಪೆಕ್ಟರ ಹತ್ರಾನೇ ಬರೆಸಿ."