ಬಾಯ್ಲರಿನ ಬಾಯಿ ಮುಚ್ಚಿದ್ದು

ಹೆಂಡತಿ: ಅಲ್ರೀ, ಮೊದಲು ಆ ಬಕೆಟ್ ಕೆಳಗಿಡಿ! ಕಾದ ಕಬ್ಬಿಣಕ್ಕೆ ತಣ್ಣೀರು ಸುರಿದ್ರೆ ಬಾಯ್ಲರ್ ಬಿರುಕು ಬಿಡತ್ತೆ.

ಗಂಡ: ಬೆಂಕಿಗೆ ನೀರು ಹಾಕದೆ ಇನ್ನೇನು ಮಾಡ್ಲಿ? ಕಂಬಳಿ ಹೊದಿಸಿ ಮಲಗಿಸಲಾ?

ಅಡುಗೆಮನೆಯ ಹಿಂದಿನ ಪುಟ್ಟ ಕೋಣೆಯಲ್ಲಿ ಸೌದೆ ಬಾಯ್ಲರ್ ಗುಡುಗುಡು ಅನ್ನುತ್ತಿತ್ತು. ಚಳಿಯೆಂದು ಗಂಡ ಅದಕ್ಕೆ ಕಂಠಮಟ್ಟ ಸೌದೆ ತುಂಬಿದ ಐದೇ ನಿಮಿಷಕ್ಕೆ ಕರೆಂಟ್ ಹೋಗಿತ್ತು. ಮನೆ ಬೆಚ್ಚಗಿಡಲು ಬಿಸಿನೀರನ್ನು ಕೋಣೆ ಕೋಣೆಯ ಪೈಪುಗಳಿಗೆ ತಳ್ಳುವ ಪಂಪು ನಿಂತಿತ್ತು. ಬೆಂಕಿ ಮಾತ್ರ ನಿಂತಿರಲಿಲ್ಲ. ಬಾಯ್ಲರಿನ ಶಾಖಮಾಪಕದ ಮುಳ್ಳು ತೊಂಬತ್ತು ಡಿಗ್ರಿ ದಾಟಿ ಕೆಂಪು ಗೆರೆಯತ್ತ ಹೊರಟಿತ್ತು.

ಹೆಂಡತಿ: ಮುಚ್ಚಿ, ಬೇಗ!

ಗಂಡ: ನಾನಿನ್ನೂ ಬಾಯೇ ಬಿಟ್ಟಿಲ್ಲ!

ಹೆಂಡತಿ: ನಿಮ್ಮ ಬಾಯಲ್ಲ, ಅದರ ಬಾಯಿ! ಕೆಳಗೆ ಗಾಳಿ ಹೋಗೋ ಕಿಂಡಿ ಇದೆಯಲ್ಲ, ಅದು.

ಗಂಡ: ಮುಚ್ಚಿದ್ಮೇಲೆ ಹೊಗೆ ಒಳಗೇ ಕಟ್ಟಿಕೊಂಡು ಸಿಡಿದ್ರೆ?

ಹೆಂಡತಿ: ಹೊಗೆಗೆ ಚಿಮಣಿ ಇದೆ. ತಾಳಿ, ಅಪ್ಪನ್ನೇ ಕೇಳ್ತೀನಿ.

ಗಂಡ: ಬೇಡ! ಹೋದ್ಸಲ ಬಂದಾಗ ನಲ್ಲಿ ತಿರುಗಿಸೋದು ಹೇಗೆ ಅಂತ ಒಂದು ಗಂಟೆ ಕೊರೆದಿದಾರೆ. ಅವರಿಗೆ ಫೋನ್ ಹೋಯ್ತೋ, ನಾನು ಮನೆ ಬಿಟ್ಟು ಹೋಗ್ತೀನಿ.

ಹೆಂಡತಿ: ಹೋಗಿ. ಹೋಗೋವಾಗ ಕಿಂಡಿ ಮುಚ್ಚಿ ಹೋಗಿ.

ಗಂಡ ಗೊಣಗುತ್ತಲೇ ಬಗ್ಗಿ ಕಿಂಡಿ ಮುಚ್ಚಿದ. ಅಷ್ಟರಲ್ಲಿ ಬಾಯ್ಲರಿನ ನೆತ್ತಿಯ ಮೇಲಿಂದ 'ಉಸ್ಸ್' ಎಂದು ಆವಿ ಚಿಮ್ಮಿತು. ಅವನು ಒಂದೇ ಜಿಗಿತಕ್ಕೆ ಹೆಂಡತಿಯ ಬೆನ್ನ ಹಿಂದೆ ಸೇರಿದ. ಅವಳ ಕೈಯಲ್ಲಿ ಫೋನು ಆಗಲೇ ಸ್ಪೀಕರಿಗೆ ಬಂದಿತ್ತು.

ಮಾವ (ಫೋನಿನಲ್ಲಿ): ಅಳಿಯಂದಿರೇ, ಗಾಬರಿ ಬೇಡ. ನಾನಿದೀನಿ.

ಗಂಡ: ಬಾಯ್ಲರ್ ಬುಸುಗುಟ್ತಿದೆ ಮಾವ! ಬಾಗಿಲು ತೆಗೆದು ಸೌದೆ ಹೊರಗೆಳೀಲಾ?

ಮಾವ: ಎಳೀರಿ... ತಡೀರಿ ತಡೀರಿ, ಎಳೀಬೇಡಿ! ಬಾಗಿಲು ತೆಗೆದ್ರೆ ಗಾಳಿ ನುಗ್ಗಿ ಇನ್ನೂ ಉರಿಯತ್ತೆ. ಅದು ಬುಸುಗುಡಲಿ ಬಿಡಿ. ಒತ್ತಡ ಹೊರಗೆ ಹೋಗ್ಲಿ ಅಂತಲೇ ಆ ವಾಲ್ವ್ ಇರೋದು, ಅದರ ಹತ್ರ ಹೋಗ್ಬೇಡಿ. ಗೋಡೆ ಮೇಲೆ ಹಳದಿ ಹಿಡಿಕೆ ಇದೆಯಾ?

ಗಂಡ: ಹಿಡಿಕೆ ಇಲ್ಲ. ನನ್ನ ಬನಿಯನ್ ಇದೆ.

ಹೆಂಡತಿ: ಬನಿಯನ್ ಒಣಹಾಕಿರೋದೇ ಹಿಡಿಕೆಗೆ ರೀ!

ಮಾವ: ತಿರುಗಿಸಿ ಅದನ್ನ.

ಗಂಡ: ಬನಿಯನ್ನಾ?

ಮಾವ: ಹಿಡಿಕೇನ! ಪೈಪಿನ ಉದ್ದಕ್ಕೆ ಬರ್ಬೇಕು. ಬಿಸಿನೀರು ತಾನಾಗೇ ಮಹಡಿ ಕೋಣೆಗೆ ಏರತ್ತೆ, ಅಲ್ಲಿಂದ ತಣ್ಣೀರು ಇಳಿಯತ್ತೆ. ಪಂಪೇ ಬೇಡ.

ಹಿಡಿಕೆ ತಿರುಗಿತು. ಪೈಪಿನೊಳಗೆ ಗಳಗಳ ಸದ್ದಾಯಿತು. ಇಬ್ಬರೂ ಕಣ್ಣು ಮಿಟುಕಿಸದೆ ಮುಳ್ಳನ್ನೇ ನೋಡುತ್ತ ನಿಂತರು. ತೊಂಬತ್ತೇಳಕ್ಕೆ ಹೋಗಿದ್ದ ಮುಳ್ಳು ಕೊಂಚ ಹೊತ್ತು ಅಲ್ಲೇ ನಡುಗಿ, ಆಮೇಲೆ ತೊಂಬತ್ತೆರಡಕ್ಕೆ, ಎಂಬತ್ತೆಂಟಕ್ಕೆ ಇಳಿಯಿತು. ಬುಸುಗುಡುವುದು ನಿಂತಿತು. ತಾನು ಹೆಂಡತಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿರುವುದು ಗಂಡನಿಗೆ ಆಗ ತಿಳಿಯಿತು. ಅವಳೂ ಬಿಡಿಸಿಕೊಳ್ಳಲಿಲ್ಲ.

ಗಂಡ: ಮಾವ, ತಪ್ಪಾಯ್ತು. ನಿಮ್ಮನ್ನ ಬರೀ ಬಾಯಿಮಾತಿನೋರು ಅಂದ್ಕೊಂಡಿದ್ದೆ. ಇಷ್ಟೆಲ್ಲಾ ಎಲ್ಲಿ ಕಲಿತ್ರಿ?

ಫೋನಿನಲ್ಲಿ ಗುಸುಗುಸು, ಸಣ್ಣದೊಂದು ಜಗ್ಗಾಟ. ಬಂದದ್ದು ಅತ್ತೆಯ ದನಿ.

ಅತ್ತೆ: ಅವರೆಲ್ಲಿ ಕಲಿತ್ರು! ಇಷ್ಟು ಹೊತ್ತು ನಾನು ಕಿವೀಲಿ ಹೇಳಿದ್ದನ್ನ ಜೋರಾಗಿ ಒದರ್ತಿದ್ರು. ನಮ್ಮನೆ ಬಾಯ್ಲರ್ ಹತ್ರ ಅವರನ್ನ ಸುಳಿಯೋಕೂ ಬಿಡದೆ ಎಂಟು ವರ್ಷ ಆಯ್ತು.

ಗಂಡನ ಮುಖ ಅರಳಿತು. ಮದುವೆಯಾದಾಗಿನಿಂದ ಮಾವನ ಮೇಲೆ ಅವನಿಗೆ ಇಷ್ಟು ಪ್ರೀತಿ ಉಕ್ಕಿರಲಿಲ್ಲ.

ಗಂಡ: ಮಾವ, ಭಾನುವಾರ ಖಂಡಿತ ಬನ್ನಿ. ನಾವಿಬ್ಬರೂ ಕೂತು ಮನಸ್ಸು ಬಿಚ್ಚಿ ಮಾತಾಡೋಣ.

ಹೆಂಡತಿ: ಧಾರಾಳವಾಗಿ ಮಾತಾಡಿ. ಬಾಯ್ಲರ್ ಕೋಣೆಗೆ ಮಾತ್ರ ನಾನು ಬೀಗ ಹಾಕಿರ್ತೀನಿ.