ಚಿಪ್‌ನೊಳಗಿನ ಆಸನ ವ್ಯವಸ್ಥೆ

ಹಿರಿಯ ಅಧಿಕಾರಿಯ ವಿಭಾಗಕ್ಕೆ ಸೇರಿದ ಘಟಕವು ಕಿರಿಯ ಅಧಿಕಾರಿಯ ಘಟಕಕ್ಕಿಂತ ಕೆಳಗಿನ ಜಾಗದಲ್ಲಿ ಕೂರತಕ್ಕದ್ದಲ್ಲ ಎಂಬ ನಿಯಮವು ತೈವಾನಿನ ಶಿಂಚು ಪಟ್ಟಣದ ಒಂದು ಚಿಪ್ ಕಂಪನಿಯಲ್ಲಿ ಆ ಚಳಿಗಾಲದಿಂದ ಜಾರಿಗೆ ಬಂದಿತು. ಘಟಕಗಳ ಕಡೆಯಿಂದ ಯಾವ ತಕರಾರೂ ಬರಲಿಲ್ಲ.

ತಕರಾರಿದ್ದದ್ದು ಯೂಪಿಂಗ್‌ಗೆ. ಉಗುರಿನಷ್ಟಗಲದ ಚಿಪ್‌ನೊಳಗೆ ಲೆಕ್ಕ ಮಾಡುವ ಘಟಕ ಎಲ್ಲಿ, ನೆನಪಿಡುವ ಘಟಕ ಎಲ್ಲಿ ಎಂದು ನಕ್ಷೆಯ ಮೇಲೆ ಕೂರಿಸುವುದು ಅವಳ ಕೆಲಸ. ಹೆಚ್ಚು ಮಾತಾಡಿಕೊಳ್ಳುವವರನ್ನು ಹತ್ತಿರ ಕೂರಿಸಿದರೆ ತಂತಿ ಗಿಡ್ಡ, ಚಿಪ್ ಚುರುಕು, ಗುಟ್ಟು ಅಷ್ಟೇ. ತನ್ನ ನಕ್ಷೆಯ ಮೇಲೆ ಅವಳಿಗೆಷ್ಟು ಮೋಹವೆಂದರೆ ಊಟ ಮಾಡುವಾಗಲೂ ಅದನ್ನೇ ನೋಡುತ್ತಿದ್ದಳು. ಗ್ರಾಹಕರು ಕೇಳಿದ ವೇಗ ಮುಟ್ಟದಿದ್ದರೆ ಅವಳ ವಿಭಾಗಕ್ಕೆ ಬೀಗ ಹಾಕಿ ಅವಳನ್ನು ಮನೆಗೆ ಕಳಿಸುವುದೆಂದು ಮೊದಲೇ ತೀರ್ಮಾನವಾಗಿತ್ತು. ಹಾಗಾಗಿ ಮೈಯೆಲ್ಲ ಕಣ್ಣಾಗಿ ದುಡಿದಿದ್ದಳು.

ಪರಿಶೀಲನಾ ಸಭೆಯಲ್ಲಿ ನೆನಪಿನ ವಿಭಾಗದ ಮುಖ್ಯಸ್ಥ ಪೆಂಗ್ ನಕ್ಷೆಯನ್ನು ನೋಡಿ ಕೆಂಪಗಾದರು.

"ನಮ್ಮ ಘಟಕ ಎಲ್ಲಿದೆಯಮ್ಮ?"

"ಇಲ್ಲೇ ಸಾರ್, ಈ ಮೂಲೇಲಿ. ಲೆಕ್ಕದ ಘಟಕದ ಪಕ್ಕದಲ್ಲೇ."

"ಅಂದ್ರೆ ಬಾಗಿಲ ಹತ್ರ!"

"ಸಾರ್, ಚಿಪ್‌ಗೆ ಬಾಗಿಲಿರಲ್ಲ."

"ಬಾಗಿಲಿಲ್ದೆ ಕರೆಂಟು ಎಲ್ಲಿಂದ ಬರುತ್ತೆ? ಕಿಟಕಿ ಹತ್ಕೊಂಡು ಬರುತ್ತಾ?"

ಸಭೆ ತಲೆದೂಗಿತು. ಔತಣದ ಮೇಜಿನಲ್ಲಿ ಬಾಗಿಲಿಗೆ ಎದುರಾಗಿರುವ ಕುರ್ಚಿ ದೊಡ್ಡವರದು, ಬಾಗಿಲ ಪಕ್ಕದ್ದು ತಟ್ಟೆ ದಾಟಿಸುವ ಕಿರಿಯರದು ಎಂಬುದು ಆ ಊರಿನಲ್ಲಿ ಹಾಲುಗಲ್ಲದ ಮಗುವಿಗೂ ಗೊತ್ತು. ಕೂದಲು ನರೆಯುವ ತನಕ ದುಡಿದ ಪೆಂಗ್ ಅವರನ್ನು ಈ ಹುಡುಗಿ ತಟ್ಟೆ ದಾಟಿಸಲು ಕೂರಿಸಿದ್ದಳು! ಅಷ್ಟರಲ್ಲಿ ಲೆಕ್ಕದ ವಿಭಾಗದ ಮುಖ್ಯಸ್ಥ ಝಾನ್ ಬಾಯಿ ಹಾಕಿದರು.

"ಅವರ ಪಕ್ಕ ನಾನು ಕೂರಲ್ಲಪ್ಪ. ಕಂಪನಿ ಪ್ರವಾಸದ ಬಸ್ಸಲ್ಲಿ ಮೈಕು ಕೈಗೆ ತಗೊಂಡೋರು ಸಮುದ್ರ ಬಂದ್ರೂ ಬಿಡಲಿಲ್ಲ. ಹಾಡಿ ಹಾಡಿ ಕೊಂದ್ರು."

"ಕೂರೋದು ನೀವಲ್ಲ ಸಾರ್, ಘಟಕ" ಎಂದಳು ಯೂಪಿಂಗ್.

"ಎರಡೂ ಒಂದೇ ಅಲ್ವೇನಮ್ಮ?"

ಮಹಾವ್ಯವಸ್ಥಾಪಕ ಫಾನ್ ಚಹಾ ಗುಟುಕರಿಸಿ ಅಲ್ಲೇ ಸುತ್ತೋಲೆ ಹೊರಡಿಸಿದರು:

"ಇನ್ನು ಮುಂದೆ ಘಟಕಗಳನ್ನು ಔತಣದ ಕ್ರಮದಲ್ಲಿ ಕೂರಿಸತಕ್ಕದ್ದು. ಮಾತು ಬಿಟ್ಟಿರುವ ಮುಖ್ಯಸ್ಥರ ಘಟಕಗಳನ್ನು ಅಕ್ಕಪಕ್ಕ ಕೂರಿಸಕೂಡದು. ದಿವಂಗತ ಸಂಸ್ಥಾಪಕರ ಗೌರವಾರ್ಥ ನಟ್ಟನಡುವಿನ ಜಾಗವನ್ನು ತೆರವು ಬಿಡತಕ್ಕದ್ದು. ಆಚೆ ಬದಿಗೆ ಹೋಗಲೇಬೇಕಾದ ತಂತಿಗಳು ಸದರಿ ಜಾಗವನ್ನು ಸುತ್ತುಹಾಕಿಕೊಂಡು, ವಿನಯಪೂರ್ವಕವಾಗಿ ಹೋಗತಕ್ಕದ್ದು."

ಪೂರ್ತಿ ಖಾಲಿ ಬಿಟ್ಟರೆ ಚಿಪ್ ತಯಾರಿಸುವ ಕಾರ್ಖಾನೆಯವರು ಒಪ್ಪುವುದಿಲ್ಲ. ಆದ್ದರಿಂದ ನಡುವೆ ಏನೂ ಕೆಲಸ ಮಾಡದ ಭರ್ತಿ ಘಟಕಗಳನ್ನು ತುಂಬಲಾಯಿತು. ಸಂಸ್ಥಾಪಕರು ಕೊನೆಗಾಲದಲ್ಲಿ ಕಚೇರಿಗೆ ಬಂದು ಹೀಗೇ ಇರುತ್ತಿದ್ದರೆಂದು, ಹೋಲಿಕೆ ಅಚ್ಚುಕಟ್ಟಾಗಿದೆಯೆಂದು ಅವರ ಪತ್ನಿ ಕಣ್ಣೊರೆಸಿಕೊಂಡರು.

ಹೊಸ ನಕ್ಷೆಯನ್ನು ಯೂಪಿಂಗ್ ಪರೀಕ್ಷಿಸಿದಳು. ಲೆಕ್ಕದ ಘಟಕ ಕೇಳಿದ್ದಕ್ಕೆ ನೆನಪಿನ ಘಟಕದಿಂದ ಉತ್ತರ ಊರೆಲ್ಲ ಸುತ್ತಿಕೊಂಡು ಬರುತ್ತಿತ್ತು. ಕೇಳಿದ ವೇಗದ ಅರ್ಧವೂ ಇಲ್ಲ. ತನ್ನ ಸೊಗಸಾದ ನಕ್ಷೆಯನ್ನು ನೆನೆದು ಅವಳಿಗೆ ಹೊಟ್ಟೆ ಉರಿಯಿತು, ಕೆಲಸ ಹೋಗುವುದನ್ನು ನೆನೆದು ಅಳು ಬಂತು.

ಅಷ್ಟರಲ್ಲಿ ವರ್ಷಾಂತ್ಯದ ಔತಣ ಬಂದಿತು. ಮೇಜಿನ ನಡುವಿನ ತಿರುಗುಹಲಗೆಯ ಮೇಲೆ ಇಡೀ ಕೋಳಿ ತಂದಿಡುತ್ತಾರೆ. ಅದರ ತಲೆ ಯಾರ ಕಡೆಗಿದೆಯೋ ಅವರಿಗೆ ಹೊಸ ವರ್ಷದಲ್ಲಿ ಕೆಲಸವಿಲ್ಲವೆಂದು ಹಳೆಯ ಪದ್ಧತಿ. ಬೇರೆ ಕಂಪನಿಗಳು ಕೋಳಿಯ ತಲೆ ತೆಗೆಸಿ ಬಡಿಸಿ ಪಾಪ ಕಳೆದುಕೊಂಡಿವೆ. ಫಾನ್ ಮಾತ್ರ ಸಂಪ್ರದಾಯಸ್ಥರು.

ಕೋಳಿ ಬಂದಿತು. ನೆಟ್ಟಗೆ ಯೂಪಿಂಗ್‌ಳನ್ನೇ ನೋಡುತ್ತಿತ್ತು.

ಅವಳ ಊಟದ ಕಡ್ಡಿಗಳು ಅರ್ಧದಲ್ಲೇ ನಿಂತವು. ಮರುಕ್ಷಣ, ಸೀಗಡಿ ಬೇಕೆಂಬ ನೆಪದಲ್ಲಿ, ಹಲಗೆಯನ್ನು ಮೆಲ್ಲಗೆ ತಿರುಗಿಸಿದಳು. ಕೋಳಿ ಪೆಂಗ್ ಅವರ ಮುಂದೆ ನಿಂತಿತು. ಪೆಂಗ್ ಅವರಿಗೆ ಥಟ್ಟನೆ ಮೀನು ಬೇಕಾಯಿತು. ಕೋಳಿ ಝಾನ್ ಅವರತ್ತ ಹೋಯಿತು. ಝಾನ್ ಅವರಿಗೆ ಸೊಪ್ಪು ಬೇಕಾಯಿತು. ಹಲಗೆ ಬುಗುರಿಯಾಯಿತು, ಸಾರು ಎಲ್ಲರ ಮೈಮೇಲೆ ಚೆಲ್ಲಿತು, ಕೊನೆಗೆ ಕೋಳಿ ಫಾನ್ ಅವರ ಮುಂದೆ ಬಂದು ನಿಂತಿತು. ಎಲ್ಲರೂ ಹಲಗೆಯಿಂದ ಕೈ ತೆಗೆದರು.

"ಯಾಕ್ರೀ ನಿಲ್ಲಿಸಿದ್ರಿ? ತಿರುಗಿಸಿ!" ಎಂದರು ಫಾನ್. "ತಿರುಗ್ತಾ ಇದ್ರೆ ಯಾರಿಗೂ ತೊಂದ್ರೆ ಇಲ್ಲ."

"ನಕ್ಷೇನೂ ಹಿಂಗೇ ಮಾಡೋಣ ಸಾರ್" ಎಂದಳು ಯೂಪಿಂಗ್, ಬಂದದ್ದು ಬರಲಿ ಎಂದು. "ಆಗಾಗ ಎಲ್ಲಾ ಘಟಕಾನೂ ಒಂದೊಂದು ಕುರ್ಚಿ ಸರಿಸೋಣ. ಎಲ್ರಿಗೂ ದೊಡ್ಡ ಕುರ್ಚಿ ಸಿಗುತ್ತೆ."

"ಹಂಗಾದ್ರೆ ಚಿಪ್ ಮುಗಿಯೋದು ಯಾವಾಗ?" ಎಂದರು ಫಾನ್.

"ಮುಗಿಯಲ್ಲ ಸಾರ್. ಮುಗೀದೇ ಇರೋ ಚಿಪ್ನ ನಿಧಾನ ಅಂತ ಯಾರು ಹೇಳ್ತಾರೆ?"

ಫಾನ್ ಕೋಳಿಯ ತೊಡೆ ಮುರಿದು ಅವಳ ಬಟ್ಟಲಿಗೆ ಹಾಕಿದರು.

ಚಿಪ್ ಎಲ್ಲಿ ಎಂದು ಸಿಟ್ಟಿನಿಂದ ಬಂದ ಗ್ರಾಹಕರಿಗೆ ಅವರ ಹೆಸರಿನದೇ ಒಂದು ಘಟಕ ಮಾಡಿ ಬಾಗಿಲಿನೆದುರಿನ ಜಾಗ ಕೊಡಲಾಯಿತು. ನಕ್ಷೆಯ ಮುಂದೆ ನಿಂತು ಫೋಟೊ ತೆಗೆಸಿಕೊಂಡು ತೃಪ್ತರಾಗಿ ಹೋದರು. ಕೂರಿಸುವ ಕೆಲಸ ಮುಗಿಯದ್ದಾದ್ದರಿಂದ ಯೂಪಿಂಗ್‌ಳ ವಿಭಾಗ ಬೆಳೆಯಿತು, ಅವಳೇ ಮುಖ್ಯಸ್ಥೆಯಾದಳು. ಮುಖ್ಯಸ್ಥೆಗೆ ಸ್ವಂತ ಘಟಕವಿಲ್ಲದಿದ್ದರೆ ಚೆನ್ನಾಗಿರುವುದಿಲ್ಲವೆಂದು ಅವಳಿಗೂ ಒಂದು ಮಂಜೂರಾಯಿತು. ಅದಕ್ಕೆ ಯಾವ ಕೆಲಸವೂ ಇರಲಿಲ್ಲ.

ಹೊಸ ನಕ್ಷೆಯನ್ನು ಯೂಪಿಂಗ್ ಬಹಳ ಹೊತ್ತು ನೋಡಿ, ಕೈಕೆಳಗಿನ ಹುಡುಗಿಯನ್ನು ಕರೆದಳು.

"ನನ್ನದನ್ನ ಒಂಚೂರು ಮೇಲಕ್ಕೆ ಸರಿಸು. ಪೆಂಗ್ ಸಾರ್‌ಗಿಂತ ನಾನೇನು ಕಮ್ಮಿ?"

"ಲೆಕ್ಕದ ಘಟಕಾನ ಆಚೆ ತಳ್ಳಬೇಕಾಗುತ್ತೆ ಮೇಡಂ."

"ತಳ್ಳು."

ಹುಡುಗಿ ತಳ್ಳಿದಳು.