ಬೀದರದ ಕಲ್ಲಿನಾಗ ಎಣ್ಣಿ ಎಲ್ಲಿರ್ತದರಿ?

ಭೂವಿಜ್ಞಾನ ಕಲಸ್ತೇನಿ ಅಂದಕೂಡ್ಲೆ ಮಂದಿ ಕೇಳೋದು ಇಷ್ಟೇ: ಭೂಕಂಪ ಯಾವಾಗ ಆಗ್ತದ, ಬೋರ್ ಎಲ್ಲಿ ಹೊಡಸಬೇಕು, ನಮ್ಮ ಹೊಲದಾಗ ಪೆಟ್ರೋಲ್ ಅದ ಏನು. ಬಸ್ಸಿನಾಗ ಕೇಳ್ತಾರ, ಮದುವಿ ಊಟದಾಗ ಕೇಳ್ತಾರ. ಹಲ್ಲಿನ ಡಾಕ್ಟರಂತೂ ನನ್ನ ಬಾಯಿ ಅಗಲ ತೆಗಸಿ, ಒಳಗ ಹತ್ತಿ ತುರುಕಿದ ಮ್ಯಾಲ ಕೇಳಿದ್ರು. ನಗೋ ಪ್ರಸಂಗ ನಾ ಹುಡುಕ್ಕೊಂಡು ಹೋಗೂದಿಲ್ರಿ, ಅವೇ ನನ್ನ ಮನಿ ವಿಚಾರಿಸ್ಕೊಂಡು ಬರ್ತಾವ.

ಆದ್ರ ಈ ವರ್ಷ ನಾ ನಗೋ ಹಾಲತ್‌ನಾಗ ಇರ್ಲಿಲ್ಲ. ಬೀದರದ ನಮ್ಮ ಕಾಲೇಜಿನ ಪ್ರಿನ್ಸಿಪಾಲರು ಕರದು, "ಮೇಡಂ, ನಿಮ್ಮ ವಿಷಯಕ್ಕ ಹುಡುಗರೇ ಬರವಲ್ರು. ಈ ಸಲ ಕ್ಲಾಸ್ ತುಂಬಲಿಲ್ಲಂದ್ರ ಭೂವಿಜ್ಞಾನ ಬಂದ್" ಅಂದ್ರು. ಇಷ್ಟು ವರ್ಷ ಜೀವಾ ತೇದು ಕಲಿಸಿದ ವಿಷಯಕ್ಕ ನನ್ನ ಕಣ್ಣ ಮುಂದೇ ಬೀಗ ಬೀಳೋದಾ? ಸುತರಾಂ ಬಿಡೂದಿಲ್ಲ ಅಂದೆ. ಮಂದಿಗಿ ಎಣ್ಣಿ ಅಂದ್ರ ಆಸಿ ಅದಲ್ಲ, ಅದೇ ಪಾಠ ಹಿಡಕೊಂಡು ಊರೂರು ತಿರಗ್ತೇನಿ, ಹುಡುಗರನ್ನ ತರ್ತೇನಿ ಅಂತ ಹೊಂಟೆ.

೧. ಇನ್ನೂ ಬೆಂದಿಲ್ಲ

ಮೊದಲ ಭಾಲ್ಕಿ. ಒಂದು ಪಿ.ಯು. ಕಾಲೇಜಿನಾಗ ಹುಡುಗರನ್ನ ಕುಂಡ್ರಸಿ ಶುರು ಮಾಡಿದೆ.

"ಭೂಮಿ ಒಳಗ ಎಣ್ಣಿ ಕೆರಿ ಹಂಗ ನಿಂತಿರೂದಿಲ್ಲ. ಹಳೀ ಸಮುದ್ರದ ತಳದಾಗ ಸಣ್ಣ ಸಣ್ಣ ಜೀವ ಸತ್ತು ಕೆಸರಿನಾಗ ಹೂತು ಹೋಗ್ತಾವ. ಮ್ಯಾಲ ಪದರಿನ ಮ್ಯಾಲ ಪದರು ಮಣ್ಣು ಬೀಳ್ತದ. ಒಳಗಿನ ಕಾವಿಗಿ ಲಕ್ಷಾಂತರ ವರ್ಷ ಬೆಂದು ಎಣ್ಣಿ, ಗ್ಯಾಸ್ ಆಗ್ತದ. ಅದು ನೀರಿಗಿಂತ ಹಗುರ. ಉಸುಕುಗಲ್ಲಿನ ಸಂದ್ಯಾಗ ಹಾದು ಮ್ಯಾಲ ಏರ್ತದ. ಎಲ್ಲಿ ಬಿಗಿ ಕಲ್ಲಿನ ಮುಚ್ಚಳ ಅಡ್ಡ ಸಿಗ್ತದೋ ಅಲ್ಲೇ ಅದರ ಕೆಳಗ ಜಮಾ ಆಗ್ತದ."

ಹುಡುಗರು ಬಾಯಿ ತೆರಕೊಂಡು ಕೇಳಿದ್ರು. ನನಗ ಭಾಳ ಖುಷಿ ಆತು.

"ಹಂಗಾದ್ರ ಭಾಲ್ಕ್ಯಾಗ ಎಣ್ಣಿ ಯಾಕ ಇಲ್ಲ? ಯಾರು ಹೇಳ್ತೀರಿ?"

ಮುಂದಿನ ಬೆಂಚಿನ ಹುಡುಗಿ ಎದ್ದಳು. "ಇನ್ನೂ ಬೆಂದಿಲ್ರಿ ಮೇಡಂ."

"ಅಲ್ಲವ್ವಾ, ನಮ್ಮದು ಜ್ವಾಲಾಮುಖಿ ಉಕ್ಕಿ ಹರದು ಆರಿದ ಕರಿಕಲ್ಲು. ಒಲಿ ಮ್ಯಾಲ ಬೇಯಲಿಕ್ಕಿ ಏನೂ ಇಟ್ಟೇ ಇಲ್ಲ" ಅಂದೆ. ಆಕಿಗಿ ಅದು ಪಸಂದ ಬಿತ್ತು, ಅಲ್ಲೇ ಹೆಸರು ಕೊಟ್ಟಳು. ಕೊಟ್ಟಾಕಿ ಆಕಿ ಒಬ್ಬಾಕೇ.

ನನ್ನ ಸಪ್ಪಗಿನ ಮಾರಿ ನೋಡಿ ಅಲ್ಲಿನ ಕೆಮಿಸ್ಟ್ರಿ ಸರ್ ಸಮಾಧಾನ ಹೇಳಿದ್ರು: "ಫಿಕರ್ ಮಾಡಬ್ಯಾಡ್ರಿ ಮೇಡಂ. ಇವತ್ತ ಒಲಿ ಮ್ಯಾಲ ಇಟ್ರೂ, ನಮ್ಮ ಕಾಲೇಜಿನ ಹೊಸಾ ಬಿಲ್ಡಿಂಗ್ ಮುಗಿಯೂದರಾಗ ಎಣ್ಣಿ ತಯಾರ್ ಆಗ್ತದ."

೨. ತುಂಬಿದ ಸೇರು

ಬೀದರದ ಗಾಂಧಿ ಗಂಜಿನಾಗ ಬ್ಯಾಳಿ-ಕಾಳಿನ ಸಾವಕಾರರೊಬ್ಬರ ಮಗಳಿಗಿ ನಮ್ಮ ವಿಷಯ ತಗೋಬೇಕಂತ ಆಸಿ. ಅಪ್ಪ ಒಲ್ಲೆ ಅಂತಾರಂತ. ಸೀದಾ ಅವರ ಅಂಗಡಿಗೇ ಹೋದೆ.

"ಕಲ್ಲು ಓದಿ ಏನ್ ಮಾಡ್ತಾಳ್ರಿ? ಕಲ್ಲಾಗ ಎಣ್ಣಿ ಇರ್ತದಂತ. ಗಟ್ಟಿ ಕಲ್ಲಿನಾಗ ಎಣ್ಣಿ ಹೊಗಲಿಕ್ಕಿ ಜಾಗಾ ಎಲ್ಲದ?"

"ಒಂದು ಸೇರು ಕಡ್ಲಿ ತರಸ್ರಿ, ತೋರಸ್ತೇನಿ."

ಹಮಾಲ ಕಡ್ಲಿ ತಂದ, ಸೇರು ಗಚ್ಚ ತುಂಬಿದ. ನಾ ಅದರಾಗ ತಂಬಗಿ ನೀರು ಹಾಕ್ಲಿಕ್ಕಿ ಹತ್ತಿದೆ. ಹಾಕಿದಷ್ಟೂ ಒಳಗ ಹೋತು, ಹನಿ ಹೊರಗ ಚೆಲ್ಲಲಿಲ್ಲ. ಸುತ್ತ ಹಮಾಲರು, ಗಿರಾಕಿಗಳು ನೆರೆದ್ರು. ನನಗ ಹುರುಪು ಬಂತು. ಧ್ವನಿ ಏರಸಿ ಅಂದೆ, "ಉಸುಕುಗಲ್ಲು ಹಿಂಗೇರಿ! ಕಾಳು ಕಾಳಿನ ನಡುವ ಜಾಗಾ ಇರ್ತದ, ಎಣ್ಣಿ ಅಲ್ಲೇ ಕುಂಡ್ರತದ. ನೋಡ್ರಿ ಎಲ್ಲಾರೂ, ಸಾವಕಾರರು ಎಷ್ಟು ಗಚ್ಚ ತುಂಬಿ ಕೊಟ್ರೂ ಒಳಗ ಇಷ್ಟು ಜಾಗಾ ಖಾಲಿನೇ!"

ಗಿರಾಕಿಗಳು ಒಬ್ಬರ ಮಾರಿ ಒಬ್ಬರು ನೋಡಿದ್ರು. ಸಾವಕಾರರು ನನ್ನ ಒಳಗ ಕರಕೊಂಡು ಹೋಗಿ ಕೈ ಮುಗದ್ರು. "ಮೇಡಂ, ಮಗಳನ್ನ ಕರಕೊಂಡು ಹೋಗ್ರಿ, ಬೇಕಾದ್ದು ಕಲಸ್ರಿ. ಆದ್ರ ನನ್ನ ತುಂಬಿದ ಚೀಲದಾಗ ಜಾಗಾ ಖಾಲಿ ಅದ ಅಂತ ಮಂದಿ ಮುಂದ ಒದರಬ್ಯಾಡ್ರಿ!"

೩. ಎಕಂಬಾದ ಬೋರಿನಾಗ ಎಣ್ಣಿ

ಇಷ್ಟಾದ್ರೂ ಕ್ಲಾಸ್ ತುಂಬಿರ್ಲಿಲ್ಲ. ಔರಾದ ತಾಲೂಕಿನ ಎಕಂಬಾದಾಗೂ ಪಾಠ ಹೇಳಿ ಬಂದಿದ್ದೆ. ಒಂದು ಮುಂಜಾನಿ ಅಲ್ಲಿಯ ರೈತರೊಬ್ಬರು ಫೋನ್ ಮಾಡಿದ್ರು. "ಮೇಡಂ, ನೀವು ಹೇಳಿದ್ದು ಖರೇ ಆತ್ರಿ! ನಮ್ಮ ಬೋರಿನಾಗ ಎಣ್ಣಿ ಬಂದದ, ಜಲ್ದಿ ಬರ್ರಿ!"

ಬಸ್ಸಿನಾಗ ನಿಂತು ಔರಾದ, ಅಲ್ಲಿಂದ ಆಟೋ. ಹೊಲದಾಗ ಇಡೀ ಊರೇ ಸೇರಿತ್ತು. ಬೋರಿನ ಸುತ್ತ ಮುಳ್ಳು ಹಚ್ಚಿದ್ರು. ರೈತರ ಅವ್ವ, ಊರಿಗೆಲ್ಲಾ ಆಯಿ, ಕೋಲು ಹಿಡಕೊಂಡು ಕಾವಲ ಕುಂತಿದ್ಳು. ಬಕೀಟಿನ ನೀರಿನ ಮ್ಯಾಲ ಎಣ್ಣಿ ಮಿರಿಮಿರಿ ಮಿಂಚಲಿಕ್ಕಿ ಹತ್ತಿತ್ತು. ಕುರಿ ಮೂಸಿ ನೋಡಿ ಹಿಂದ ಸರದಿದ್ವು.

"ಊರಿನ ಹುಡುಗರೆಲ್ಲಾ ನಿಮ್ಮ ಕಾಲೇಜಿಗೇ ಬರ್ತಾರಂತ್ರಿ. ಇನ್ನ ನೌಕರಿ ಇಲ್ಲೇ ಅಲ್ರಿ!" ಅಂದ್ರು ರೈತರು.

ನಾ ಬಕೀಟ್ ಮೂಸಿದೆ. ಮಷೀನಿಗಿ ಹಾಕೋ ಎಣ್ಣಿ ವಾಸನಿ. ಹೂಂ ಅಂದ್ರ ಕ್ಲಾಸ್ ತುಂಬ್ತದ, ಇಲ್ಲ ಅಂದ್ರ ಭೂವಿಜ್ಞಾನ ಮುಗೀತು. ಆದ್ರ ಕಲ್ಲಿನ ವಿಷಯದಾಗ ಸುಳ್ಳು ಹೇಳಲಿಕ್ಕಿ ನನಗ ಬಾಯಿ ಬರೂದಿಲ್ರಿ.

"ಇದು ಭೂಮಿ ಎಣ್ಣಿ ಅಲ್ಲ" ಅಂದೆ.

ಆಯಿ ಕೋಲು ಊರಿ ಎದ್ದಳು. "ಯಾಕ ಅಲ್ರಿ ಅಕ್ಕೋರ? ಎಣ್ಣಿ ನೀರಿನ ಮ್ಯಾಲ ಇರ್ತದ ಅಂದ್ರಿ, ಇಲ್ಲೇನು? ಮ್ಯಾಲ ಬಿಗಿ ಕಲ್ಲು ಬೇಕಂದ್ರಿ. ಇದ್ಕಿಂತ ಬಿಗಿ ಕಲ್ಲು ಬೇಕಾ? ಬೋರ್ ಹೊಡಿಲಿಕ್ಕಿ ಬಂದವ ಅತ್ತು ಹೋಗ್ಯಾನ!"

ನನ್ನ ಪಾಠ ನನಗೇ ತಿರುಗಿ ಬಡೀತು. "ಆಯಿ, ಮುಚ್ಚಳ ಭಾರಿ ಅದ. ಆದ್ರ ನಿಮ್ಮ ಬೋರ್ ಇನ್ನೂ ಕರಿಕಲ್ಲೇ ದಾಟಿಲ್ಲ, ಸಮುದ್ರದ ಕೆಸರು ಎಲ್ಲಿಂದ ಬರಬೇಕು? ಮೋಟಾರ್ ಎತ್ತಸ್ರಿ."

ಗೊಣಗ್ಯಾಡಕೋತ ಮೋಟಾರ್ ಎತ್ತಿದ್ರು. ಅದರ ಸೀಲ್ ಒಡದು ಒಳಗಿನ ಎಣ್ಣಿ ಪೂರಾ ನೀರಿಗಿ ಸೋರಿತ್ತು. ನಾ ಚೀಲ ಎತ್ತಕೊಂಡು ಹೊಂಟೆ. ಬಸ್ಸಿನಾಗ ಕಣ್ಣಾಗ ನೀರೇ ಬಂತು.

ಹೆಸರು ಹಚ್ಚೋ ಕಡೀ ದಿನ. ಕಾಲೇಜಿನ ಮುಂದ ಒಂದು ಕ್ರೂಸರ್ ಗಾಡಿ ಬಂದು ನಿಂತಿತು. ಎಕಂಬಾದ ಹುಡುಗ ಹುಡುಗ್ಯಾರು ಇಳಿದೇ ಇಳಿದ್ರು. ಎಲ್ಲಾರ ಮುಂದ ಆಯಿ.

"ಇವರ ಹೆಸರು ಬರಕೋರಿ ಅಕ್ಕೋರ."

"ಆಯಿ, ಎಣ್ಣಿ ಇಲ್ಲ ಅಂದೆನಲ್ರಿ?"

"ಸುಡ್ರಿ ಎಣ್ಣಿ! ಮೋಟಾರ್ ಕೆಟ್ರ ಔರಾದದ ಮೇಸ್ತ್ರಿ ಬರೋತನಕ ಬೆಳಿ ಒಣಗ್ತದ. ಬಂದ ಮ್ಯಾಲ ಎತ್ತಿ ಬಿಚ್ಚಿ ನೋಡಿದ್ರೂ ಅವನಿಗಿ ತಿಳಿಯೂದಿಲ್ಲ. ನೀವು ಮ್ಯಾಲ ನಿಂತು ಬಕೀಟ್ ಮೂಸಿ, ತಳದಾಗಿನ ಮೋಟಾರಿನ ಬ್ಯಾನಿ ಹೇಳಿದ್ರಿ. ಈ ಓದು ನಮ್ಮ ಹುಡುಗರಿಗಿ ಬೇಕೇಬೇಕು."

ಇದು ಮೋಟಾರಿನ ಓದು ಅಲ್ಲ ಅಂತ ಹೇಳಲಿಕ್ಕಿ ಬಾಯಿ ತೆಗದೆ. ಅಷ್ಟರಾಗ ಪ್ರಿನ್ಸಿಪಾಲರು ಓಡಿ ಬಂದು, "ಮೇಡಂ, ಕ್ಲಾಸ್ ತುಂಬಿತ್ರಿ! ಭೂವಿಜ್ಞಾನ ಉಳೀತ್ರಿ!" ಅಂತ ನನ್ನ ಕೈ ಹಿಡಕೊಂಡು ಅಲುಗಾಡಿಸಿದ್ರು. ತೆಗದ ಬಾಯಿ ಮುಚ್ಚಿದೆ.

ಸಾಲಿನಾಗ ಮೊದಲ ನಿಂತ ಹುಡುಗಿ ಪೆನ್ ಹಿಡಕೊಂಡು ತಡದಳು. "ಮೇಡಂ, ಮೊದಲನೇ ವರ್ಷ ಎಷ್ಟು ಎಚ್.ಪಿ. ಮೋಟಾರ್ ತನಕ ಕಲಸ್ತೀರಿ?"

"ಐದು ಎಚ್.ಪಿ. ತನಕ" ಅಂದೆ. "ಮೊದಲ ಸಹಿ ಹಾಕವ್ವಾ."